ಹಲವು ಕೈಗಳು ಬರೆಯುವ ಪುಟ

2020ನೆಯ ಇಸವಿಯ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಕುಂದಾಪುರ, ಬೈಂದೂರುಗಳ ಕಡೆಗೆ ಬಂದ ಬಸ್ಸುಗಳನ್ನು ನಮ್ಮ ಕರಾವಳಿಯ ಜನರು ಅಷ್ಟು ಬೇಗ ಮರೆಯಲಾರರು. ಹೋಟೆಲುಗಳಲ್ಲಿ ದುಡಿಯಲೆಂದು ಹೋಗಿ ಅಲ್ಲಿಯೇ ನೆಲೆಸಿದವರು, ಅವರ ಹೆಂಡಿರು ಮಕ್ಕಳು, ವರ್ಷಕ್ಕೊಮ್ಮೆ ಊರ ಹಬ್ಬಕ್ಕೆ ಮಾತ್ರ ಮುಖ ತೋರಿಸುತ್ತಿದ್ದ ಹಿರಿಯರು, ಎಲ್ಲರೂ ಒಮ್ಮೆಗೇ ಮನೆಗೆ ಮರಳಿದರು. ಅವರನ್ನು ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಕೆಲವು ದಿನ ಪ್ರತ್ಯೇಕವಾಗಿ ಇರಿಸಿ, ಗಂಟಲ ದ್ರವವನ್ನು ಪರೀಕ್ಷೆಗೆ ಕಳುಹಿಸಲಾಯಿತು. ಎಪ್ರಿಲ್ ತಿಂಗಳ ಕೊನೆಗೆ ಉಡುಪಿ ಜಿಲ್ಲೆಯ ಕೋವಿಡ್ ರೋಗಿಗಳನ್ನು ಕೈಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಜೂನ್ ತಿಂಗಳಿನಲ್ಲಿ ಕೆಲಕಾಲ ಆ ಜಿಲ್ಲೆಯೇ ರಾಜ್ಯದಲ್ಲೆಲ್ಲ ಮೊದಲಿನದಾಗಿ ನಿಂತಿತು. ಸಂಜೆಯಾಯಿತೆಂದರೆ ಮನೆಮನೆಯಲ್ಲಿಯೂ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: ಇವತ್ತು ಎಷ್ಟು?

ಈ ಪ್ರಶ್ನೆಗೆ ಉತ್ತರ ಸರಕಾರದ ಬಳಿ ಇತ್ತು. ರಾಜ್ಯದ ಆರೋಗ್ಯ ಇಲಾಖೆಯು ದಿನಕ್ಕೊಂದು ಪ್ರಕಟಣೆಯನ್ನು ಜಿಲ್ಲಾವಾರು ಕೋಷ್ಟಕದೊಡನೆ ಹೊರಡಿಸುತ್ತಿತ್ತು. ಅದನ್ನು ಚೆನ್ನಾಗಿಯೇ ಮಾಡಿತೆನ್ನಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಭಾರತದ ರಾಜ್ಯಗಳು ಕೋವಿಡ್ ಮಾಹಿತಿಯನ್ನು ಪ್ರಕಟಿಸುವ ರೀತಿಯನ್ನು ತೂಗಿ ನೋಡಿದಾಗ ಮೊದಲ ಸ್ಥಾನ ಕರ್ನಾಟಕಕ್ಕೇ ಬಂದಿತು. ಆದರೆ ಆ ಪ್ರಕಟಣೆ ದಿನಕ್ಕೊಂದು ಬಿಡಿ ಕಡತ. ನಿನ್ನೆಯದನ್ನು ಇಂದಿನದರೊಡನೆ, ಉಡುಪಿಯನ್ನು ಉತ್ತರಕನ್ನಡದೊಡನೆ, ಕರ್ನಾಟಕವನ್ನು ಕೇರಳದೊಡನೆ ಹೋಲಿಸಬೇಕಾದರೆ ಹತ್ತಾರು ಕಡತಗಳನ್ನು ತೆರೆದು ಕಾಗದದ ಮೇಲೆ ಬರೆದುಕೊಳ್ಳಬೇಕಾಗಿತ್ತು. ಆ ಕೆಲಸವನ್ನು ದೇಶಕ್ಕೆಲ್ಲ ಮಾಡಿಕೊಟ್ಟದ್ದು ಒಂದು ಸ್ವಯಂಸೇವಕರ ಗುಂಪು. 2020ರ ಮಾರ್ಚ್ ತಿಂಗಳಿನಲ್ಲಿ ಅವರು ತೆರೆದ ಜಾಲತಾಣ, ಕೋವಿಡ್19ಇಂಡಿಯಾ ಡಾಟ್ ಆರ್ಗ್. ಗಣಕಯಂತ್ರದ ಕೆಲಸ ಬಲ್ಲವರು, ವಿದ್ಯಾರ್ಥಿಗಳು, ವೈದ್ಯರು ತಂತಮ್ಮ ಊರುಗಳಲ್ಲಿ ಕುಳಿತು, ಸಂಬಳವಿಲ್ಲದೆ, ಪ್ರತಿಯೊಂದು ರಾಜ್ಯದ ಪ್ರಕಟಣೆಯನ್ನು ಓದಿ, ಒಬ್ಬರು ಬರೆದುದನ್ನು ಇನ್ನೊಬ್ಬರು ತಾಳೆ ನೋಡಿ, ಹಂಚಿಕೊಂಡ ಒಂದು ಕೋಷ್ಟಕದಲ್ಲಿ ತುಂಬಿದರು. ಕೆಲವು ನಿಮಿಷಗಳಿಗೊಮ್ಮೆ ಒಂದು ಚಿಕ್ಕ ಪ್ರೋಗ್ರಾಮು ಆ ಕೋಷ್ಟಕವನ್ನು ಸಾದಾ ಕಡತಗಳನ್ನಾಗಿ ಮಾಡಿ ಹೊರಗಿಡುತ್ತಿತ್ತು. ಇಡೀ ಏರ್ಪಾಡಿನ ಮೂಲಲಿಪಿ ಯಾರಾದರೂ ನೋಡಬಹುದಾದ ಸ್ಥಳದಲ್ಲಿ ತೆರೆದಿತ್ತು. 2021ರ ಅಕ್ಟೋಬರ್ 31ರಂದು ಆ ಗುಂಪು ತನ್ನ ಕೆಲಸವನ್ನು ನಿಲ್ಲಿಸಿತು.

ರೋಗದ ವಿಚಾರ ಈ ಲೇಖನಕ್ಕೆ ಬೇಡ. ಒಬ್ಬರನ್ನೊಬ್ಬರು ಕಂಡೇ ಇರದ ನೂರಾರು ಜನರು ಒಂದೇ ಪುಟವನ್ನು ಒಟ್ಟಾಗಿ ಹೇಗೆ ಬರೆಯುತ್ತಾರೆ? ಒಬ್ಬನ ತಿದ್ದುಪಡಿ ಇನ್ನೊಬ್ಬನದನ್ನು ಅಳಿಸದಂತೆ ಹೇಗೆ ನೋಡಿಕೊಳ್ಳುತ್ತಾರೆ? ಕುಂದಾಪುರದಲ್ಲಿಯೋ ಬ್ರಹ್ಮಾವರದಲ್ಲಿಯೋ ಇರುವ ನಮ್ಮ ಓದುಗರೊಬ್ಬರು, ಪ್ರೋಗ್ರಾಮು ಬರೆಯಲು ಬಾರದಿದ್ದರೂ, ಅಂಥ ಕೆಲಸದಲ್ಲಿ ಸೇರಬಹುದೇ? ಈ ಮೂರನ್ನು ನೋಡೋಣ.

ಇಡ್ಲಿಯೂ ದೋಸೆಯೂ

ಜಾಲತಾಣಗಳಲ್ಲಿ ಎರಡು ಬಗೆ ಉಂಟು. ಕುಂದಾಪುರದ ಕಡೆಯವರಿಗೆ ಹೋಟೆಲಿನ ಉದಾಹರಣೆಯನ್ನು ಕೊಟ್ಟರೆ ಬೇಗನೆ ಮನವರಿಕೆಯಾದೀತು. ದೋಸೆಯನ್ನು ಗಿರಾಕಿ ಕೇಳಿದ ಮೇಲೆಯೇ ಹೊಯ್ಯಬೇಕು. ಒಬ್ಬನಿಗೆ ಮಸಾಲೆ ಬೇಕು, ಇನ್ನೊಬ್ಬನಿಗೆ ಖಾಲಿ ಸಾಕು. ಕಲ್ಲಿನ ಮುಂದೆ ಒಬ್ಬನು ನಿಂತೇ ಇರಬೇಕು. ಇಡ್ಲಿ ಹಾಗಲ್ಲ. ಮುಂಜಾನೆಯೇ ಬೇಯಿಸಿಟ್ಟರೆ ಬಂದವರಿಗೆಲ್ಲ ತೆಗೆದು ಬಡಿಸುವುದಷ್ಟೇ ಕೆಲಸ. ಬ್ಯಾಂಕಿನ ತಾಣ, ರೈಲಿನ ಟಿಕೇಟಿನ ತಾಣ, ಇವು ದೋಸೆಯ ಬಗೆಯವು. ಪ್ರತಿಯೊಬ್ಬನಿಗೂ ಅವನ ಹೆಸರು, ಅವನ ಲೆಕ್ಕ ನೋಡಿ ಆ ಗಳಿಗೆಯಲ್ಲಿಯೇ ಪುಟವನ್ನು ತಯಾರಿಸಬೇಕು. ಅದಕ್ಕೆ ಮಾಹಿತಿಯ ಉಗ್ರಾಣ ಬೇಕು. ಸದಾ ಓಡುತ್ತಿರುವ ಪ್ರೋಗ್ರಾಮು ಬೇಕು. ಅವುಗಳ ಕಾವಲು ಬೇಕು. ಎಲ್ಲರಿಗೂ ಒಂದೇ ಆಗಿರುವ ಪುಟಗಳನ್ನು ಮೊದಲೇ ಸಿದ್ಧಮಾಡಿ ಇಟ್ಟುಬಿಟ್ಟರೆ ಅದು ಇಡ್ಲಿಯ ಬಗೆ. ಇದನ್ನು ಸ್ಟ್ಯಾಟಿಕ್ ಜಾಲತಾಣವೆನ್ನುತ್ತಾರೆ. ನಾವು ಸಿದ್ಧಪುಟಗಳ ತಾಣವೆನ್ನೋಣ. ಕೇಳಿದವರಿಗೆ ಕಡತವನ್ನು ಇದ್ದ ಹಾಗೆ ಕಳುಹಿಸಿಕೊಡುವುದಲ್ಲದೆ ಸರ್ವರ್ ಎಂಬ ಯಂತ್ರಕ್ಕೆ ಬೇರೆ ಕೆಲಸವಿಲ್ಲ.

ಇದು ಹೊಸದೂ ಅಲ್ಲ. ಟಿಮ್ ಬರ್ನರ್ಸ್-ಲೀ ಎಂಬಾತ ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಮಾಡಿ, 1991ರಲ್ಲಿ ಹೊರಗಿನವರಿಗೆ ತೆರೆದ ಪ್ರಪಂಚದ ಮೊದಲ ಜಾಲತಾಣವೂ ಸಿದ್ಧಪುಟಗಳದ್ದೇ. ನಡುವೆ ಕೆಲವು ವರ್ಷ ಎಲ್ಲರೂ ದೋಸೆಯ ಕಲ್ಲಿನ ಹಿಂದೆ ಬಿದ್ದರು. ಬಳಿಕ, ಒಂದು ಸಂಘದ ನಾಲ್ಕು ಪುಟಗಳಿಗೆ ಅಷ್ಟೆಲ್ಲ ಸಲಕರಣೆ ಏಕೆ ಎಂದು ಕೆಲವರಿಗೆ ತೋರಿತು. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೋ ಮೊದಲಾದ ಉಪಕರಣಗಳು ಸಾದಾ ಬರಹದ ಕಡತಗಳನ್ನು ಓದಿ, ತಲೆಬರಹ ಪಟ್ಟಿ ಕೊಂಡಿಗಳನ್ನು ಸೇರಿಸಿ, ಇಡೀ ತಾಣವನ್ನು ಒಂದೇ ಎರಕದಲ್ಲಿ ಹೊಯ್ದುಕೊಡುತ್ತವೆ. ಬರೆಯುವವನು ಕಲಿಯಬೇಕಾದುದು ತೀರ ಅಲ್ಪ. 2004ರಲ್ಲಿ ಜಾನ್ ಗ್ರೂಬರ್ ಎಂಬಾತ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಪದ್ಧತಿಯಲ್ಲಿ, ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ ಇಟ್ಟರೆ ಅದು ತಲೆಬರಹ. ಮಾತಿನ ಎರಡು ಕಡೆಗೂ ನಕ್ಷತ್ರ ಚಿಹ್ನೆ ಇಟ್ಟರೆ ಅದಕ್ಕೆ ಒತ್ತು. ಇಷ್ಟನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು.

ಸಿದ್ಧಪುಟಗಳ ಲಾಭ ಏನೆಂಬುದು ಜನಜಂಗುಳಿಯ ದಿನ ಗೊತ್ತಾಗುತ್ತದೆ. ದೇಶವೆಲ್ಲ ಒಂದೇ ಸಂಜೆ ಒಂದೇ ಪುಟವನ್ನು ತೆರೆದರೂ, ಅದರ ಪ್ರತಿಗಳನ್ನು ಹಲವು ಊರುಗಳ ಯಂತ್ರಗಳಲ್ಲಿ ಇರಿಸಿ ಹಂಚಬಹುದು. ಕೋವಿಡ್ ತಾಣ ಕುಸಿಯದೆ ನಿಂತುದರ ಗುಟ್ಟಿನಲ್ಲಿ ಇದೂ ಒಂದು: ಅಂಕಿಗಳೆಲ್ಲ ಸಿದ್ಧ ಕಡತಗಳಾಗಿದ್ದವು, ನಕ್ಷೆಯನ್ನೂ ರೇಖಾಚಿತ್ರವನ್ನೂ ಬಿಡಿಸುವ ಕೆಲಸ ಓದುಗನ ಫೋನಿನಲ್ಲಿಯೇ ನಡೆಯುತ್ತಿತ್ತು. ಇಡ್ಲಿ ಬಡಿಸಿದ ಮೇಲೆ ಚಟ್ನಿ ಹಚ್ಚಿಕೊಳ್ಳುವುದು ತಿನ್ನುವವನಿಗೆ ಬಿಟ್ಟದ್ದಲ್ಲವೆ! ಎರಡನೆಯದು ಖರ್ಚು. ಗಿಟ್‌ಹಬ್ ಎಂಬ ಸಂಸ್ಥೆ 2008ರಿಂದಲೂ ಇಂಥ ತಾಣಗಳಿಗೆ ಬಿಟ್ಟಿಯಾಗಿ ಜಾಗ ಕೊಡುತ್ತಿದೆ. ಒಂದು ತಾಣಕ್ಕೆ ಒಂದು ಗಿಗಾಬೈಟಿನ ಮಿತಿ. ಅದು ಎಷ್ಟು ದೊಡ್ಡದೆಂದರೆ, ಕನ್ನಡದ ಒಂದು ಅಕ್ಷರಸಂಕೇತಕ್ಕೆ ಮೂರು ಬೈಟು ಬೇಕು. ಈ ಲೇಖನದಲ್ಲಿ ಸುಮಾರು ಇಪ್ಪತ್ತು ಸಾವಿರ ಸಂಕೇತಗಳಿದ್ದಾವು. ಅಂದರೆ ಅರುವತ್ತು ಸಾವಿರ ಬೈಟು. ಇಂಥ ಹದಿನಾರು ಸಾವಿರ ಲೇಖನಗಳು ಆ ಜಾಗದಲ್ಲಿ ಹಿಡಿಯುತ್ತವೆ. ಸಂಘದವರು ಹಣ ತೆರಬೇಕಾದುದು ತಮ್ಮದೇ ಹೆಸರಿನ ವಿಳಾಸ ಬೇಕೆಂದರೆ ಮಾತ್ರ. ವರ್ಷವರ್ಷವೂ ಅದರ ಬಾಡಿಗೆ ಕಟ್ಟಬೇಕು. ಸ್ವಯಂಸೇವಕರ ಅನೇಕ ತಾಣಗಳು ಕಣ್ಮರೆಯಾಗುವುದು ಆ ಬಾಡಿಗೆ ಕಟ್ಟಲು ಮರೆತಾಗ.

ಅಳಿಸದ ಕಿರ್ದಿ

ಇನ್ನು ಹಲವರು ಕೂಡಿ ಬರೆಯುವ ಬಗೆ. ಕಾಗದದ ಪುಸ್ತಕವನ್ನು ಒಬ್ಬನಿಂದ ಒಬ್ಬನಿಗೆ ದಾಟಿಸುತ್ತ ಹೋದರೆ ನೂರು ಜನರ ಕೆಲಸಕ್ಕೆ ನೂರು ವಾರ ಹಿಡಿದೀತು. ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟರೆ ನೂರು ಬಗೆಯ ಪುಸ್ತಕಗಳಾದಾವು. ಈ ತೊಡಕು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿದ್ದ ಸಾವಿರಾರು ಜನರಿಗೆ ಬಂದಿತ್ತು. ಅವರು ಬಳಸುತ್ತಿದ್ದ ಖಾಸಗಿ ಉಪಕರಣವೊಂದನ್ನು ಬಿಟ್ಟಿಯಾಗಿ ಬಳಸುವ ಅವಕಾಶ ತಪ್ಪಿದಾಗ, ಲಿನಕ್ಸಿನ ಕರ್ತೃ ಲೈನಸ್ ಟೋರ್ವಾಲ್ಡ್ಸ್ 2005ರ ಎಪ್ರಿಲ್ ತಿಂಗಳಿನಲ್ಲಿ ತಾನೇ ಒಂದನ್ನು ಬರೆಯತೊಡಗಿದನು. ಅದೇ ಗಿಟ್.

ಗಿಟ್ಟನ್ನು ಹಳೆಯ ಅಂಗಡಿಯ ಕಿರ್ದಿ ಪುಸ್ತಕಕ್ಕೆ ಹೋಲಿಸಬಹುದು. ಕಿರ್ದಿಯಲ್ಲಿ ಬರೆದುದನ್ನು ಕೆರೆದು ತೆಗೆಯುವ ಪದ್ಧತಿಯಿಲ್ಲ. ತಪ್ಪಿದ್ದರೆ ಮುಂದಿನ ಸಾಲಿನಲ್ಲಿ ಅದನ್ನು ಸರಿಪಡಿಸುವ ಬರಹ ಬರಬೇಕು. ಪ್ರತಿಯೊಂದು ಪುಟದ ಅಡಿಯಲ್ಲಿ ಮೊತ್ತ; ಮುಂದಿನ ಪುಟದ ತಲೆಯಲ್ಲಿ 'ಹಿಂದಿನ ಪುಟದಿಂದ ತಂದದ್ದು' ಎಂದು ಅದೇ ಮೊತ್ತ. ಆದಕಾರಣ ಐದನೆಯ ಪುಟದಲ್ಲಿ ಯಾರಾದರೂ ಗುಟ್ಟಾಗಿ ಒಂದು ಅಂಕಿಯನ್ನು ತಿದ್ದಿದರೆ ಆರನೆಯ ಪುಟದಿಂದ ಕೊನೆಯವರೆಗೂ ಲೆಕ್ಕ ತಪ್ಪುತ್ತದೆ. ಗಿಟ್ಟಿನಲ್ಲಿಯೂ ಹೀಗೆಯೇ. ಒಂದು ಸಲದ ತಿದ್ದುಪಡಿಯನ್ನು ಕಮಿಟ್ ಎನ್ನುತ್ತಾರೆ. ಅದರಲ್ಲಿ ಏನು ಬದಲಾಯಿತು, ಯಾರು ಬದಲಿಸಿದರು, ಯಾವಾಗ, ಏಕೆ ಎಂಬ ವಿವರಗಳೂ ಹಿಂದಿನ ಕಮಿಟ್ಟಿನ ಗುರುತೂ ಇರುತ್ತವೆ. ಇವೆಲ್ಲವನ್ನೂ ಒಂದು ಗಣಿತಕ್ರಮದಲ್ಲಿ ಅರೆದು ನಲವತ್ತು ಚಿಹ್ನೆಗಳ ಒಂದು ಗುರುತನ್ನು ಪಡೆಯುತ್ತಾರೆ. ಹತ್ತು ಅಂಕಿಗಳು, ಎ ಯಿಂದ ಎಫ್ ವರೆಗಿನ ಆರು ಇಂಗ್ಲಿಷ್ ಅಕ್ಷರಗಳು, ಇವೇ ಅದರ ಚಿಹ್ನೆಗಳು. ಕಿರ್ದಿಯ ಮೊತ್ತಕ್ಕೂ ಇದಕ್ಕೂ ಒಂದು ಅಂತರವಿದೆ. ಮೊತ್ತವನ್ನು ಮೋಸ ಮಾಡುವುದು ಸುಲಭ. ಒಂದು ಕಡೆ ಐದು ಕೂಡಿಸಿ ಇನ್ನೊಂದು ಕಡೆ ಐದು ಕಳೆದರೆ ಸರಿಹೋಯಿತು. ಇಲ್ಲಿ ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿಯಾಗಿ ಬೇರೆಯಾಗುತ್ತದೆ. ಅದೇ ಗುರುತು ಬರುವಂತೆ ಬೇರೆ ಬರಹವನ್ನು ಹೊಂದಿಸುವುದು ಅತ್ಯಂತ ಕಷ್ಟ. (ಅಸಾಧ್ಯವೆನ್ನಲಾಗದು. ಗಿಟ್ ಮೊದಲಿನಿಂದ ಬಳಸಿದ ಗಣಿತಕ್ರಮದಲ್ಲಿ ಒಂದೇ ಗುರುತು ಬರುವ ಎರಡು ಕಡತಗಳನ್ನು ಆಮ್‌ಸ್ಟರ್‌ಡಾಮಿನ ಗಣಿತ ಸಂಸ್ಥೆಯವರೂ ಗೂಗಲ್ಲಿನವರೂ ಸೇರಿ 2017ರಲ್ಲಿ ಮಾಡಿ ತೋರಿಸಿದರು. ಹೆಚ್ಚು ಬಲವಾದ ಕ್ರಮಕ್ಕೆ ದಾಟುವ ಏರ್ಪಾಡನ್ನು ಗಿಟ್ ಬಳಿಕ ಮಾಡಿಕೊಂಡಿದೆ.)

ಕಿರ್ದಿಗೂ ಗಿಟ್ಟಿಗೂ ಇರುವ ದೊಡ್ಡ ಭೇದವೆಂದರೆ, ಕಿರ್ದಿ ಸಾಹುಕಾರನ ಪೆಟ್ಟಿಗೆಯಲ್ಲಿ ಒಂದೇ ಇರುತ್ತದೆ. ಗಿಟ್ಟಿನ ಪುಸ್ತಕ ಕೆಲಸಗಾರರೆಲ್ಲರ ಬಳಿಯಲ್ಲಿಯೂ ಇಡಿಯಾಗಿ ಇರುತ್ತದೆ. ಬೈಂದೂರಿನಲ್ಲಿ ಮಳೆಗಾಲದ ಗಾಳಿಗೆ ಎರಡು ದಿನ ತಂತಿ ಸಂಪರ್ಕ ತಪ್ಪಿದರೂ ಅಲ್ಲಿನವನು ತನ್ನ ಪ್ರತಿಯಲ್ಲಿ ಕೆಲಸ ಮುಂದುವರಿಸಿ, ಸಂಪರ್ಕ ಬಂದ ಮೇಲೆ ಕೂಡಿಸಬಹುದು.

ಒಂದು ತಿದ್ದುಪಡಿಯ ಪ್ರಯಾಣ

ಒಂದು ಉದಾಹರಣೆಯನ್ನು ಹಿಡಿದು ಹೋಗೋಣ. ಉಡುಪಿ ಜಿಲ್ಲೆಯಲ್ಲಿ ಮೊದಲು ಇದ್ದವು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲ್ಲೂಕುಗಳು. 2018ರಲ್ಲಿ ಉಡುಪಿಯಿಂದ ಬ್ರಹ್ಮಾವರವೂ ಕುಂದಾಪುರದಿಂದ ಬೈಂದೂರೂ ಬೇರೆ ತಾಲ್ಲೂಕುಗಳಾದವು. (ಹೊಸ ತಾಲ್ಲೂಕುಗಳು ಬೇರೆಯೂ ಇವೆ, ನಮ್ಮ ಉದಾಹರಣೆಗೆ ಈ ಎರಡು ಸಾಕು.) ಆದರೆ ಹಳೆಯ ಪಟ್ಟಿಗಳು ತಾವಾಗಿಯೇ ಬದಲಾಗುವುದಿಲ್ಲ. ಒಂದು ಸ್ವಯಂಸೇವಕ ಗುಂಪು ತನ್ನ ತಾಣದಲ್ಲಿ ಊರು ಮತ್ತು ತಾಲ್ಲೂಕುಗಳ ಒಂದು ಕಡತವನ್ನು ಇಟ್ಟಿದೆ, ಅದರಲ್ಲಿ ಈ ನಾಲ್ಕು ಸಾಲುಗಳಿವೆ ಎಂದು ಭಾವಿಸೋಣ:

ಕೋಟ, ಉಡುಪಿ
ಬಾರಕೂರು, ಉಡುಪಿ
ಬಸರೂರು, ಕುಂದಾಪುರ
ಕೊಲ್ಲೂರು, ಕುಂದಾಪುರ

ಕೋಟ, ಬಾರಕೂರುಗಳು ಈಗ ಬ್ರಹ್ಮಾವರಕ್ಕೆ ಸೇರಿವೆ, ಕೊಲ್ಲೂರು ಬೈಂದೂರಿಗೆ. ಬಸರೂರು ಮಾತ್ರ ಮೊದಲಿನಂತೆ ಕುಂದಾಪುರದಲ್ಲಿಯೇ ಇದೆ. ಇದನ್ನು ಕಂಡ ಕೋಟದ ಒಬ್ಬ ಓದುಗ ಏನು ಮಾಡಬೇಕು?

ಮೊದಲು, ಗುಂಪಿನವರು ಬರೆದಿಟ್ಟ ಸೂಚನೆಯ ಕಡತವನ್ನು ಓದಬೇಕು. ರೀಡ್‌ಮೀ ಎಂಬ ಹೆಸರಿನ ಆ ಕಡತ ಬಾಗಿಲ ಬಳಿಯಲ್ಲಿಯೇ ಇರುತ್ತದೆ. ಓದದೆ ಒಳಗೆ ನುಗ್ಗುವವರೇ ಹೆಚ್ಚು. ಅನಂತರ ಇದೇ ದೋಷವನ್ನು ಬೇರೆ ಯಾರಾದರೂ ತಿಳಿಸಿದ್ದಾರೆಯೇ ಎಂದು ನೋಡಿ, ಇಲ್ಲವಾದರೆ ಒಂದು ಟಿಪ್ಪಣಿಯನ್ನು ಹಾಕಬೇಕು. ಅದಕ್ಕೆ ಇಶ್ಯೂ ಎಂದು ಹೆಸರು. ಇಷ್ಟು ಮಾಡಿ ಬಿಟ್ಟರೂ ಅದು ಕೊಡುಗೆಯೇ. ಇನ್ನೂ ಮುಂದೆ ಹೋಗುವವನು ಇಡೀ ಭಂಡಾರದ ಒಂದು ಪ್ರತಿಯನ್ನು ತನ್ನ ಹೆಸರಿಗೆ ಮಾಡಿಕೊಳ್ಳುತ್ತಾನೆ. ಇದೇ ಫೋರ್ಕ್. ಅದರಲ್ಲಿ ಬ್ರಾಂಚ್ ಎಂಬ ಒಂದು ಕವಲನ್ನು ತೆಗೆದು, ಮೂರು ಸಾಲುಗಳನ್ನು ತಿದ್ದಿ, ಕಮಿಟ್ ಮಾಡುತ್ತಾನೆ. ಕಮಿಟ್ಟಿನೊಡನೆ ಒಂದು ವಾಕ್ಯ ಬರೆಯಬೇಕು. 'ತಿದ್ದಿದೆ' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ತಿದ್ದಿದ್ದು ಕಣ್ಣಿಗೇ ಕಾಣುತ್ತದೆ. 'ಕೋಟ, ಬಾರಕೂರು, ಕೊಲ್ಲೂರು: 2018ರ ಹೊಸ ತಾಲ್ಲೂಕುಗಳಿಗೆ ಸೇರಿಸಿದೆ' ಎಂದು ಬರೆದರೆ ಐದು ವರ್ಷದ ಮೇಲೆ ಓದುವವನಿಗೂ ಕಾರಣ ತಿಳಿಯುತ್ತದೆ.

ಈಗ ಅವನ ಪ್ರತಿಯಲ್ಲಿ ತಿದ್ದುಪಡಿಯಾಗಿದೆ. ಗುಂಪಿನ ತಾಣದಲ್ಲಿ ಆಗಿಲ್ಲ. 'ನನ್ನ ಕವಲನ್ನು ನಿಮ್ಮ ಹೊಳೆಗೆ ಸೇರಿಸಿಕೊಳ್ಳಿ' ಎಂದು ಅವನು ಒಂದು ಅರಿಕೆಯನ್ನು ಕಳುಹಿಸಬೇಕು. ಇದು ಪುಲ್ ರಿಕ್ವೆಸ್ಟ್. ಗುಂಪಿನ ಹಿರಿಯರಲ್ಲೊಬ್ಬರು ಅದನ್ನು ತೆರೆದಾಗ ಅವರಿಗೆ ಇಡೀ ಕಡತ ಕಾಣುವುದಿಲ್ಲ. ತೆಗೆದ ಮೂರು ಸಾಲುಗಳು ಕಳೆಯುವ ಚಿಹ್ನೆಯೊಡನೆ ಕೆಂಪಾಗಿಯೂ, ಸೇರಿಸಿದ ಮೂರು ಸಾಲುಗಳು ಕೂಡುವ ಚಿಹ್ನೆಯೊಡನೆ ಹಸಿರಾಗಿಯೂ ಕಾಣುತ್ತವೆ. ಸಾವಿರ ಸಾಲಿನ ಕಡತವಾದರೂ ಅವರು ಓದಬೇಕಾದುದು ಆರೇ ಸಾಲು. ಹಲವು ಕೈಗಳ ಕೆಲಸ ಸಾಧ್ಯವಾಗಿರುವುದು ಮುಖ್ಯವಾಗಿ ಇದರಿಂದ ಎಂದು ನಮಗೆ ತೋರುತ್ತದೆ. ಬರೆಯುವ ಕಷ್ಟಕ್ಕಿಂತಲೂ ಬರೆದುದನ್ನು ತಾಳೆ ನೋಡುವ ಕಷ್ಟವೇ ಇಂಥ ಗುಂಪುಗಳನ್ನು ದಣಿಸುವುದು. ಆದುದರಿಂದ ಒಂದು ಅರಿಕೆಯಲ್ಲಿ ಒಂದೇ ವಿಷಯವಿರಲಿ ಎಂಬ ನಿಯಮ ಎಲ್ಲ ಕಡೆಯಲ್ಲಿಯೂ ಉಂಟು. ತಾಲ್ಲೂಕನ್ನು ತಿದ್ದುವವನು ಅದರ ಜೊತೆಗೇ ಪುಟದ ಬಣ್ಣವನ್ನೂ ಬದಲಿಸಿ ಕಳುಹಿಸಿದರೆ, ಬಣ್ಣದ ಚರ್ಚೆ ಮುಗಿಯುವವರೆಗೆ ಕೋಟವು ಉಡುಪಿ ತಾಲ್ಲೂಕಿನಲ್ಲಿಯೇ ಕೊಳೆಯುತ್ತದೆ.

ಹಿರಿಯರು ಒಪ್ಪಿದರೆ ಕವಲು ಹೊಳೆಗೆ ಸೇರುತ್ತದೆ. ಇದು ಮರ್ಜ್. ಆ ಕ್ಷಣವೇ ಒಂದು ಯಂತ್ರ ತಾನಾಗಿ ಎದ್ದು ಇಡೀ ತಾಣವನ್ನು ಹೊಸದಾಗಿ ಹೊಯ್ದು ಹೊರಗಿಡುತ್ತದೆ. ಕೆಲವು ನಿಮಿಷಗಳಲ್ಲಿ ಓದುಗರಿಗೆಲ್ಲ ಹೊಸ ಪುಟ ಸಿಕ್ಕುತ್ತದೆ.

ಇದೇ ಹೊತ್ತಿಗೆ ಬೆಂಗಳೂರಿನ ಇನ್ನೊಬ್ಬನೂ ಕೋಟದ ಸಾಲನ್ನು ಹಿಡಿದು, 'ಕೋಟ' ಎಂಬುದನ್ನು 'ಕೋಟಾ' ಎಂದು ಮಾಡಿ ಕಳುಹಿಸಿದ್ದರೆ? ಇಬ್ಬರೂ ಬೇರೆ ಬೇರೆ ಕಡೆಯ ಸಾಲುಗಳನ್ನು ತಿದ್ದಿದ್ದರೆ ಗಿಟ್ ಯಾರನ್ನೂ ಕೇಳದೆ ಎರಡನ್ನೂ ಸೇರಿಸಿಬಿಡುತ್ತಿತ್ತು. ಒಂದೇ ಸಾಲಾದಾಗ ಅದು ನಿಂತುಬಿಡುತ್ತದೆ. ಕಡತದೊಳಗೆ ಆ ಸಾಲಿನ ಎರಡು ಪಾಠಗಳನ್ನೂ ಒಂದರ ಕೆಳಗೊಂದು ಬರೆದು, ಮೇಲೆ ಏಳು ಬಾಣದ ಮೊನೆಗಳು, ನಡುವೆ ಏಳು ಸಮಚಿಹ್ನೆಗಳು, ಕೆಳಗೆ ಏಳು ಬಾಣದ ಮೊನೆಗಳು, ಹೀಗೆ ಗುರುತು ಹಾಕಿ ಮನುಷ್ಯನಿಗೆ ಒಪ್ಪಿಸುತ್ತದೆ. ಹೊಸಬರು ಇದನ್ನು ಕಂಡು ಯಂತ್ರವೇ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಕೆಟ್ಟಿರುವುದು ಏನೂ ಇಲ್ಲ. ಹಳೆಯ ತಾಳೆಗರಿಯ ಗ್ರಂಥವನ್ನು ಸಂಪಾದಿಸುವ ಪಂಡಿತರು ಪಾಠಾಂತರಗಳನ್ನು ಎದುರಿಗಿಟ್ಟುಕೊಂಡು ಮಾಡುವ ಕೆಲಸವೇ ಇದು. ಬೇಕಾದ ಪಾಠವನ್ನು ಉಳಿಸಿ, ಗುರುತುಗಳನ್ನು ಅಳಿಸಿ, ಮತ್ತೆ ಕಮಿಟ್ ಮಾಡಿದರೆ ತೀರಿತು. ಯಾವ ಪಾಠ ಸರಿಯೆಂಬುದನ್ನು ಮಾತ್ರ ಗಿಟ್ ಹೇಳದು. ಅದನ್ನು ಊರಿನವರೇ ಹೇಳಬೇಕು. ಶಿವರಾಮ ಕಾರಂತರು ಹುಟ್ಟಿದ ಊರಿನ ಹೆಸರಿಗೆ ದೀರ್ಘ ಎಳೆಯುವವರನ್ನು ತಡೆಯಲು ಬ್ರಹ್ಮಾವರ ತಾಲ್ಲೂಕಿನವರೊಬ್ಬರು ಗುಂಪಿನಲ್ಲಿರುವುದು ಒಳ್ಳೆಯದು. (ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು. ಅಂಥವರು ಯುಗಕ್ಕೊಬ್ಬರು, ಉಳಿದವರಿಗೆ ಪುಲ್ ರಿಕ್ವೆಸ್ಟೇ ಗತಿ.)

ಕಾಣದ ಅಕ್ಷರಗಳ ತಂಟೆ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಂಗ್ಲಿಷಿನವರಿಗಿಲ್ಲದ ಒಂದು ತೊಡಕು ಎದುರಾಗುತ್ತದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಂಗ್ಲಿಷಿನ ಕೈಪಿಡಿಗಳಲ್ಲಿ ಇದರ ಸುದ್ದಿ ಬರುವುದು ಅಪರೂಪ.

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಯೂನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಕೊಟ್ಟಿದ್ದಾರೆ. 'ಕ' ಎಂಬುದು 3221, 'ಟ' ಎಂಬುದು 3231. 'ಕೋ' ಎಂಬಲ್ಲಿನ ಓಕಾರದ ಗುರುತಿಗೆ 3275 ಎಂಬ ಸಂಖ್ಯೆ. ಹೀಗೆ 'ಕೋಟ' ಎಂದರೆ 3221, 3275, 3231 ಎಂಬ ಮೂರು ಸಂಖ್ಯೆಗಳು. ಆದರೆ ನಾವು ಕೈಯಲ್ಲಿ ಬರೆಯುವಾಗ ಓಕಾರವನ್ನು ಹೇಗೆ ಬರೆಯುತ್ತೇವೆ? ಎತ್ವ, ಅದರ ಪಕ್ಕದಲ್ಲಿ ಊಕಾರದ ಕೊಂಬು, ಕೊನೆಗೆ ದೀರ್ಘ. ಯೂನಿಕೋಡಿನಲ್ಲಿ ಹಾಗೆ ಬಿಡಿಬಿಡಿಯಾಗಿ ಬರೆಯಲೂ ಅವಕಾಶವಿದೆ. ಆಗ ಅದೇ 'ಕೋಟ' 3221, 3270, 3266, 3285, 3231 ಎಂಬ ಐದು ಸಂಖ್ಯೆಗಳಾಗುತ್ತದೆ. ತೆರೆಯ ಮೇಲೆ ಎರಡೂ ಒಂದೇ. ಕಡತದಲ್ಲಿ ಒಂದಕ್ಕೆ ಒಂಬತ್ತು ಬೈಟು, ಇನ್ನೊಂದಕ್ಕೆ ಹದಿನೈದು.

ಇದರ ಫಲವೇನು? ಒಬ್ಬನು ಒಂದು ಬಗೆಯ ಕೀಲಿಮಣೆಯಿಂದ 'ಕೋಟ' ಎಂದು ಬರೆದಿರುತ್ತಾನೆ. ಇನ್ನೊಬ್ಬನು ಬೇರೆ ಬಗೆಯದರಿಂದ ಅದನ್ನೇ ಬರೆದು ಹುಡುಕಿದರೆ 'ಇಲ್ಲ' ಎಂಬ ಉತ್ತರ ಬರಬಹುದು. ಹಿರಿಯರ ಮುಂದೆ ಬಂದ ಅರಿಕೆಯಲ್ಲಿ ಕೆಂಪು ಸಾಲಿನಲ್ಲಿಯೂ ಕೋಟ, ಹಸಿರು ಸಾಲಿನಲ್ಲಿಯೂ ಕೋಟ! ಏನು ಬದಲಾಯಿತೆಂದು ಕಣ್ಣು ಕಿರಿದುಮಾಡಿ ನೋಡಿದರೂ ತಿಳಿಯದು. ಇದಕ್ಕೆ ಪರಿಹಾರವುಂಟು. ಬಿಡಿ ಗುರುತುಗಳನ್ನೆಲ್ಲ ಕೂಡು ಗುರುತುಗಳಾಗಿ ಮಾಡಿ ಬರಹವನ್ನು ಒಂದೇ ರೂಪಕ್ಕೆ ತರುವ ನಿಯಮವನ್ನು ಯೂನಿಕೋಡಿನವರೇ ಕೊಟ್ಟಿದ್ದಾರೆ. ತಾಣವನ್ನು ಹೊಯ್ಯುವ ಯಂತ್ರಕ್ಕೆ ಅದನ್ನು ಮೊದಲೇ ಹೇಳಿಟ್ಟರೆ, ಬಂದ ಕಡತಗಳನ್ನೆಲ್ಲ ಅದು ಸೋಸಿ ಒಳಗೆ ಬಿಡುತ್ತದೆ.

ಹಳೆಯ ಕಡತಗಳದು ಬೇರೆಯೇ ಕತೆ. ನುಡಿ, ಬರಹ ಮೊದಲಾದ ತಂತ್ರಾಂಶಗಳು ಒಂದು ಕಾಲದಲ್ಲಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವು. ಆದರೆ ಅವುಗಳ ಹಳೆಯ ಅಕ್ಷರಕ್ರಮಗಳಲ್ಲಿ ಕಡತದೊಳಗೆ ಇರುತ್ತಿದ್ದುದು ಇಂಗ್ಲಿಷ್ ಮೊದಲಾದ ಅಕ್ಷರಗಳ ಸಂಖ್ಯೆಗಳೇ. ಅವಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದುದು ಅಕ್ಷರಶೈಲಿ ಮಾತ್ರ. ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಊರಿನ ಸಂಘಗಳ ಸ್ಮರಣಸಂಚಿಕೆಗಳು, ಯಕ್ಷಗಾನ ಮೇಳದ ಕರಪತ್ರಗಳು, ಪಂಚಾಯತಿನ ಪಟ್ಟಿಗಳು ಎಷ್ಟೋ ಇನ್ನೂ ಆ ರೂಪದಲ್ಲಿಯೇ ಬಿದ್ದಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಎಡವಿದ ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದುವವರು ಬೇಕು. ಪ್ರೋಗ್ರಾಮು ಬರೆಯುವವನಿಗಿಂತ ಒಬ್ಬ ನಿವೃತ್ತ ಕನ್ನಡ ಪಂಡಿತರು ಈ ಕೆಲಸಕ್ಕೆ ಹೆಚ್ಚು ಯೋಗ್ಯರು.

ಮರೆಯದಿರುವುದರ ಅಪಾಯ

ಕಿರ್ದಿ ಅಳಿಸದು ಎಂದೆವು. ಅದು ಗುಣವೂ ಹೌದು, ಭಯಕ್ಕೆ ಕಾರಣವೂ ಹೌದು. ಕೋವಿಡಿನ ಮೊದಲ ತಿಂಗಳುಗಳಲ್ಲಿ ರಾಜ್ಯದ ಪ್ರಕಟಣೆಯು ಪ್ರತಿ ರೋಗಿಗೂ ಒಂದು ಸಂಖ್ಯೆಯನ್ನು ಕೊಟ್ಟು, ವಯಸ್ಸು, ಲಿಂಗ, ಎಲ್ಲಿಂದ ಬಂದವರು ಎಂಬುದನ್ನು ಹೇಳುತ್ತಿತ್ತು. ಬೆಂಗಳೂರಿನಂಥ ನಗರದಲ್ಲಿ ಅದರಿಂದ ಯಾರೆಂದು ತಿಳಿಯದು. ಇನ್ನೂರು ಮನೆಗಳ ಹಳ್ಳಿಗೆ ಮುಂಬಯಿಯಿಂದ ಬಂದ ಐವತ್ತೆರಡು ವರ್ಷದ ಗಂಡಸು ಎಂದರೆ, ಹೆಸರು ಹೇಳದಿದ್ದರೂ ಹಳ್ಳಿಗೆಲ್ಲ ಗೊತ್ತು. ಅವನ ಅಂಗಳಕ್ಕೆ ಯಾರೂ ಕಾಲಿಡುವುದಿಲ್ಲ. ಅಂಥ ವಿವರ ಒಮ್ಮೆ ಗಿಟ್ಟಿನ ಭಂಡಾರಕ್ಕೆ ಬಂದರೆ, ಮರುದಿನ ತೆಗೆದರೂ ಹಿಂದಿನ ಕಮಿಟ್ಟಿನಲ್ಲಿ ಉಳಿದಿರುತ್ತದೆ. ಚರಿತ್ರೆಯನ್ನೇ ತಿರುಗಿ ಬರೆಯುವ ಉಪಾಯವಿದ್ದರೂ, ಅಷ್ಟರಲ್ಲಿ ಬೇರೆಯವರು ಮಾಡಿಕೊಂಡ ಪ್ರತಿಗಳನ್ನು ಹಿಂದಕ್ಕೆ ಕರೆಯಲಾಗದು. ಆದುದರಿಂದ ಯಾರ ಹೆಸರನ್ನಾಗಲಿ, ಫೋನಿನ ಸಂಖ್ಯೆಯನ್ನಾಗಲಿ, ಗುಪ್ತಪದವನ್ನಾಗಲಿ ಕಮಿಟ್ ಮಾಡುವ ಮೊದಲು ಯೋಚಿಸತಕ್ಕದ್ದು; ಆಮೇಲೆ ಯೋಚಿಸಿ ಫಲವಿಲ್ಲ. ಕೊಡುಗೆ ಮಾಡುವವನ ಸ್ವಂತ ಹೆಸರೂ ಮಿಂಚಂಚೆಯ ವಿಳಾಸವೂ ಪ್ರತಿಯೊಂದು ಕಮಿಟ್ಟಿನಲ್ಲಿ ದಾಖಲಾಗುತ್ತವೆಂಬುದನ್ನು ಬಹು ಜನರು ಅರಿಯರು. ನಿಜವಾದ ವಿಳಾಸವನ್ನು ಮರೆಮಾಡುವ ಒಂದು ಬದಲಿ ವಿಳಾಸವನ್ನು ಗಿಟ್‌ಹಬ್ಬಿನವರು ಕೊಡುತ್ತಾರೆ. ಹೊಸಬರು ಮೊದಲ ದಿನವೇ ಅದನ್ನು ತೆಗೆದುಕೊಳ್ಳುವುದು ಲೇಸು.

ಅಂಕಿಗಳ ವಿಚಾರದಲ್ಲಿಯಾದರೋ ಈ ನೆನಪಿನ ಶಕ್ತಿ ವರವೇ ಸರಿ. ಒಂದು ಜಿಲ್ಲೆಯ ಲೆಕ್ಕದಲ್ಲಿ ಬರೆದ ರೋಗಿ ಇನ್ನೊಂದು ಜಿಲ್ಲೆಯವನೆಂದು ಆಮೇಲೆ ತಿಳಿದರೆ, ಇಂದಿನ ಮೊತ್ತ ನಿನ್ನೆಯದಕ್ಕಿಂತ ಕಡಿಮೆಯಾಗುತ್ತದೆ. ಕಾರಣ ಬರೆದಿರದಿದ್ದರೆ ಜನರು ಮುಚ್ಚುಮರೆಯನ್ನು ಶಂಕಿಸುತ್ತಾರೆ. ಬರೆದಿದ್ದರೆ, ಯಾವ ದಿನ, ಯಾರು, ಯಾವ ಪ್ರಕಟಣೆಯನ್ನು ನೋಡಿ ತಿದ್ದಿದರೆಂದು ಯಾರು ಬೇಕಾದರೂ ಹಿಂದಕ್ಕೆ ಹೋಗಿ ಓದಬಹುದು.

ಯಾರ ಸೊತ್ತು?

ಗುಂಪಿಗೆ ಕೊಟ್ಟ ಬರಹ ಯಾರದಾಯಿತು? ಭಂಡಾರದ ಬಾಗಿಲಲ್ಲಿ ಲೈಸೆನ್ಸ್ ಎಂಬ ಒಂದು ಕಡತವಿರಬೇಕು. ಅದಿಲ್ಲದಿದ್ದರೆ, ತೆರೆದು ತೋರಿಸಿದ್ದರೂ ಅದನ್ನು ನಕಲು ಮಾಡಿ ಬಳಸುವ ಹಕ್ಕು ಇತರರಿಗೆ ಬರುವುದಿಲ್ಲ. ಕನ್ನಡದಲ್ಲಿ ಇದಕ್ಕೊಂದು ಉಜ್ಜ್ವಲ ನಿದರ್ಶನವಿದೆ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ದುಡಿದು ಒಂದೂವರೆ ಲಕ್ಷದಷ್ಟು ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಾಡಿದರು. 2019ರಲ್ಲಿ ಅದು 'ಅಲರ್' ಎಂಬ ಹೆಸರಿನಿಂದ ಜಾಲದಲ್ಲಿ ಬಂದಾಗ, ಮಾಹಿತಿಯೆಲ್ಲವನ್ನೂ ಯಾರಾದರೂ ಬಳಸಬಹುದಾದ ಲೈಸೆನ್ಸಿನ ಕೆಳಗೆ ಬಿಟ್ಟುಕೊಟ್ಟರು. ಬೇರೆ ತಂತ್ರಾಂಶಗಳವರು ಅದನ್ನು ತಮ್ಮಲ್ಲಿ ಸೇರಿಸಿಕೊಳ್ಳಲು ಯಾರ ಅಪ್ಪಣೆಗಾಗಿಯೂ ಕಾಯಬೇಕಾಗಿಲ್ಲ.

ಇದನ್ನು ಓದುವಾಗ ಕುಂದಾಪುರದ ಓದುಗರಿಗೆ ತಮ್ಮ ಆಡುನುಡಿಯ ನೆನಪು ಬಾರದಿರದು. 'ಹ್ವಾಯ್' ಎಂದು ಕರೆಯುವ ಕೂಗನ್ನು ಎಲ್ಲರೂ ಬಲ್ಲರು. ಬಲೆ, ದೋಣಿ, ಮೀನು, ಗದ್ದೆ, ಕೊಟ್ಟಿಗೆಗಳ ಮಾತುಗಳನ್ನು ಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಒಂದು ಶಬ್ದ, ಅದರ ಅರ್ಥ, ಯಾವ ಊರಿನಲ್ಲಿ ಕೇಳಿದ್ದು, ಯಾವ ಸಂದರ್ಭದಲ್ಲಿ ಎಂಬ ನಾಲ್ಕು ಸಂಗತಿಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಬರೆದರೆ ಕಡತದ ಒಂದು ಸಾಲಾಯಿತು. ಗಂಗೊಳ್ಳಿಯ ಮೀನುಗಾರನೂ ಕೊಲ್ಲೂರಿನ ಕೃಷಿಕನೂ ಒಂದೇ ಶಬ್ದಕ್ಕೆ ಬೇರೆ ಬೇರೆ ಅರ್ಥ ಹೇಳಿದರೆ ಎರಡು ಸಾಲು, ಜಗಳವಿಲ್ಲ.

ಇದಕ್ಕೆ ದೊಡ್ಡ ಗಣಕಯಂತ್ರವೂ ಬೇಡ. ಗಿಟ್‌ಹಬ್ಬಿನ ಪುಟವನ್ನು ಫೋನಿನ ಬ್ರೌಸರಿನಲ್ಲಿ ತೆರೆದು, ಕಡತದ ಮೇಲಿರುವ ಪೆನ್ಸಿಲಿನ ಗುರುತನ್ನು ಒತ್ತಿದರೆ ಬರೆಯುವ ಜಾಗ ತೆರೆಯುತ್ತದೆ. ಫೋರ್ಕನ್ನೂ ಕವಲನ್ನೂ ಅದೇ ಮಾಡಿಕೊಳ್ಳುತ್ತದೆ. ಸಾಲನ್ನು ಬರೆದು, ಕಾರಣದ ವಾಕ್ಯವನ್ನು ತುಂಬಿ ಕಳುಹಿಸಿದ ಮೇಲೆ, ಕೆಲವು ದಿನ ಕಾಯಬೇಕು. ತಾಳೆ ನೋಡುವವರೂ ಬೇರೆ ಉದ್ಯೋಗ ಮುಗಿಸಿಕೊಂಡು ರಾತ್ರಿ ಕುಳಿತುಕೊಳ್ಳುವವರೇ. ಅವರು ಪ್ರಶ್ನೆ ಕೇಳಿದರೆ ಹೊಸ ಅರಿಕೆಯನ್ನು ಹಾಕತಕ್ಕದ್ದಲ್ಲ. ಅದೇ ಕವಲಿನಲ್ಲಿ ಇನ್ನೊಂದು ಕಮಿಟ್ ಮಾಡಿದರೆ ಅದು ಹಳೆಯ ಅರಿಕೆಗೇ ತಾನಾಗಿ ಬಂದು ಸೇರಿಕೊಳ್ಳುತ್ತದೆ.